ಟೋಪಿ ತೆಗೆಯಿರಿ ಎಂದ ಭಾನುವಾರ

ಆರು ಕುರ್ಚಿಗಳು ಒಟ್ಟಿಗೆ ಗ್ರಾನೈಟ್ ನೆಲದ ಮೇಲೆ ಹಿಂದಕ್ಕೆ ಸರಿದ ಸದ್ದು ಅದು. ಕರ್ರೆಂದು ಹಲ್ಲು ಜುಮ್ಮೆನ್ನಿಸುವಂಥದ್ದು. ಕುರ್ಚಿಯನ್ನು ಎಳೆಯಬಾರದು, ಎರಡೂ ಕೈಯಲ್ಲಿ ಹಿಡಿದು ಒಂದಿಂಚು ಎತ್ತಿ ಸರಿಸಬೇಕು ಎಂದು ಆ ರೆಸ್ಟೋರೆಂಟಿನ ಅಷ್ಟೂ ಸಿಬ್ಬಂದಿಗೆ ಕಲಿಸಿದವಳು ನಾನೇ. ಆದರೆ ಆ ದಿನ ಕುರ್ಚಿ ಎಳೆದವರು ಸಿಬ್ಬಂದಿಯಲ್ಲ, ಊಟಕ್ಕೆ ಬಂದ ಒಂದು ಮನೆಯವರು. ಬಡಿಸಿದ್ದು ತಟ್ಟೆಯಲ್ಲೇ ಇತ್ತು. ಅವರು ಎದ್ದದ್ದು ನನ್ನ ಮಾತಿನಿಂದ.

ಕಂಟೋನ್ಮೆಂಟಿನ ಒಂದು ಕಾನ್ವೆಂಟಿನಲ್ಲಿ ನಾನು ಓದಿದೆ, ಅಲ್ಲೇ ಇಂಗ್ಲಿಷ್ ಟೀಚರ್ ಆದೆ, ಅಲ್ಲೇ ರಿಟೈರ್ ಆದೆ. ಆಮೇಲೆ ಬ್ರೂಕ್‌ಫೀಲ್ಡಿನ ಫ್ಲ್ಯಾಟಿಗೆ ಬಂದು ಬಾಲ್ಕನಿಯಲ್ಲಿ ಕೂತು ಕ್ರಾಸ್‌ವರ್ಡ್ ತುಂಬಿಸುತ್ತಿದ್ದವಳನ್ನು ಎಬ್ಬಿಸಿದವನು ನನ್ನ ಹಳೆಯ ವಿದ್ಯಾರ್ಥಿ. ನಮ್ಮ ಕಾನ್ವೆಂಟಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಹುಡುಗರನ್ನೂ ತೆಗೆದುಕೊಳ್ಳುತ್ತಿದ್ದರು. ಅವನು ಆ ಬ್ಯಾಚ್. ಹೂಡಿಯ ಹತ್ತಿರ ಆಫೀಸು ಕಟ್ಟಡವೊಂದರ ನೆಲಮಹಡಿಯಲ್ಲಿ ದೊಡ್ಡ ರೆಸ್ಟೋರೆಂಟ್ ತೆರೆದಿದ್ದ. "ಮಿಸ್, ನನ್ ಸ್ಟಾಫಿಗೆ ಸ್ವಲ್ಪ ಮ್ಯಾನರ್ಸ್ ಹೇಳ್ಕೊಡಿ ಮಿಸ್," ಅಂದ. ಐವತ್ತು ದಾಟಿದ ಗಂಡಸು ಮಿಸ್ ಅಂದರೆ ಇಲ್ಲ ಅನ್ನುವುದು ಹೇಗೆ?

ವಾರಕ್ಕೆರಡು ಮಧ್ಯಾಹ್ನ, ಊಟದ ಗದ್ದಲ ಮುಗಿದ ಮೇಲೆ ನನ್ನ ಕ್ಲಾಸು. ಹದಿನೈದು ರೂಲುಗಳನ್ನು ನನ್ನ ಕರ್ಸಿವ್ ಅಕ್ಷರದಲ್ಲಿ ಬರೆದುಕೊಟ್ಟೆ. ಅವನು ಫ್ರೇಮ್ ಹಾಕಿಸಿ ಪ್ಯಾಂಟ್ರಿಯ ಗೋಡೆಗೆ ತೂಗುಹಾಕಿದ. ಏಳನೆಯದು, ಅತಿಥಿ ಕೇಳುವ ಮುಂಚೆ ಬಿಲ್ ಇಡಬಾರದು, ಏಳಿ ಎಂಬಂತೆ ಸುಳಿದಾಡಬಾರದು. ಹನ್ನೊಂದನೆಯದು, ಗಂಡಸರು ಒಳಗೆ ಬಂದ ಮೇಲೆ ಟೋಪಿ ತೆಗೆಯಬೇಕು, ಮರೆತಿದ್ದರೆ ವಿನಯದಿಂದ ನೆನಪಿಸಬೇಕು. ಆ ಹನ್ನೊಂದನೆಯದನ್ನು ಅವನು ಒಂದು ಚಂದದ ಕಾರ್ಡಿನ ಮೇಲೆ ಪ್ರಿಂಟ್ ಹಾಕಿಸಿ ಬಾಗಿಲಲ್ಲೂ ಇಟ್ಟ.

ಆ ರೂಲಿನ ಬಗ್ಗೆ ನನಗೆ ಒಳಗೊಳಗೇ ಪ್ರೀತಿ ಇತ್ತು. ನನ್ನ ತಂದೆ ಕಾರ್ಖಾನೆಯಲ್ಲಿ ಫೋರ್‌ಮನ್. ತಿಂಗಳಿಗೊಂದು ಶನಿವಾರ ನಮ್ಮನ್ನು ಕಂಟೋನ್ಮೆಂಟಿಗೆ ಕಟ್ಲೆಟ್ ತಿನ್ನಿಸಲು ಕರೆದೊಯ್ಯುತ್ತಿದ್ದರು. ಬೂದುಬಣ್ಣದ ಫೆಲ್ಟ್ ಹ್ಯಾಟನ್ನು ಬಾಗಿಲಲ್ಲೇ ಎರಡು ಬೆರಳಿನಿಂದ ತೆಗೆದು, ಎದೆಗೆ ಒತ್ತಿ ಹಿಡಿದು ಒಳಗೆ ಕಾಲಿಡುತ್ತಿದ್ದರು. ಹಣೆಯ ಮೇಲೆ ಹ್ಯಾಟಿನ ಗೆರೆ ಉಳಿದಿರುತ್ತಿತ್ತು. ನಾನು ಊಟದುದ್ದಕ್ಕೂ ಆ ಗೆರೆ ನಿಧಾನವಾಗಿ ಮಾಸುವುದನ್ನೇ ನೋಡುತ್ತಿದ್ದೆ. ಹಾಗಾಗಿ ಸಿಸ್ಟರ್ ಒಬ್ಬರು ಕ್ಲಾಸಿನಲ್ಲಿ "ಎ ಜೆಂಟಲ್‌ಮನ್ ಅನ್‌ಕವರ್ಸ್ ಹಿಸ್ ಹೆಡ್" ಎಂದಾಗ ಅದು ನನ್ನಪ್ಪನ ಬಗ್ಗೆ ಹೇಳಿದ ಮಾತು ಅಂತಲೇ ನನಗನ್ನಿಸಿತ್ತು. ಇನ್ನು ಅಜ್ಜನ ಮನೆಯಲ್ಲೂ ಅಷ್ಟೇ. ಮೈಸೂರು ಪೇಟ ಗೂಟಕ್ಕೆ ಸಿಕ್ಕಿಸಿ, ಕೈಕಾಲು ತೊಳೆದು, ಬರಿದಲೆಯಲ್ಲೇ ಎಲೆಯ ಮುಂದೆ ಕೂರುತ್ತಿದ್ದರು. ಕಾನ್ವೆಂಟೂ ಅಜ್ಜನ ಮನೆಯೂ ಬೇರೆ ಯಾವುದರಲ್ಲೂ ಒಪ್ಪಿದ್ದಿಲ್ಲ. ಇದೊಂದರಲ್ಲಿ ಒಪ್ಪಿದ್ದರಿಂದ ಇಡೀ ಲೋಕವೇ ಒಪ್ಪಿದೆ ಎಂದುಕೊಂಡಿದ್ದೆ.

ನನ್ನ ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಒಬ್ಬ ಹೆಣ್ಣುಮಗಳು. ಬಾಗಲಕೋಟೆ ಕಡೆಯವಳು, ಮೂವತ್ತೈದರ ಆಸುಪಾಸು. ಗಂಡ ಹೊಸ ಕಟ್ಟಡಗಳಿಗೆ ಟೈಲ್ಸ್ ಹಾಕುವ ಕೆಲಸಗಾರ. ಎಂಜಲು ತಟ್ಟೆ ಎತ್ತುವ ಕೆಲಸದಿಂದ ಶುರುಮಾಡಿ ಆರು ವರ್ಷಕ್ಕೆ ಕ್ಯಾಪ್ಟನ್ ಆಗಿದ್ದಳು. ಆರ್ಡರ್ ತೆಗೆದುಕೊಂಡು ನಾಲ್ಕೈದು ಸ್ಟೀವರ್ಡ್‌ಗಳನ್ನು ನಿಭಾಯಿಸುವವರಿಗೆ ಅಲ್ಲಿ ಹಾಗೆನ್ನುತ್ತಾರೆ. ಕಪ್ಪು ಕೋಟು ತೊಟ್ಟು ಅವಳು ಮೇಜಿನ ಬಳಿ ನಿಂತರೆ ನನಗೆ ನನ್ನದೇ ಪ್ರೈಜ್ ಡೇ ಅನ್ನಿಸುತ್ತಿತ್ತು.

ಆ ಭಾನುವಾರ ಅವಳ ಕೆಲಸ ನೋಡಲೆಂದೇ ನಾನು ಮಧ್ಯಾಹ್ನ ಹೋಗಿ ಮೂಲೆಯ ಮೇಜಿನಲ್ಲಿ ಕೂತಿದ್ದೆ. ಪಕ್ಕದ ಮೇಜಿನಲ್ಲಿ ನಾಲ್ವರು ಆಫೀಸಿನ ಹುಡುಗರು. ಒಬ್ಬನ ತಲೆಯ ಮೇಲೆ ಕ್ರಿಕೆಟ್ ಕ್ಯಾಪು. ಕ್ಯಾಪ್ಟನ್ ಹೋಗಿ ಮೆಲ್ಲಗೆ ಹೇಳಿದಳು. ಅವನು ಮುಖ ಸಿಂಡರಿಸಿಕೊಂಡು ತೆಗೆದ. "ಬೇಡ ಮೇಡಂ, ಹಾಕ್ಕೊಳ್ಲಿ ಬಿಡಿ, ಒಳಗಿರೋ ಗ್ರೌಂಡು ನೋಡಿ ನಮ್ಗೆ ಊಟ ಸೇರಲ್ಲ!" ಎಂದು ಗೆಳೆಯನೊಬ್ಬ ಛೇಡಿಸಿದ. ಇನ್ನೊಬ್ಬ, "ಮಗಾ, ಲೈಟ್ ಆಫ್ ಮಾಡಿದ್ರೂ ನೀನೊಬ್ನೇ ಹೊಳೀತೀಯ," ಅಂದ. ನನಗೂ ನಗು ಬಂತು.

ಅಷ್ಟರಲ್ಲಿ ಆ ಆರು ಜನ ಬಂದರು. ಎದುರಿನ ಹೊಸ ಟವರಿನ ಸೆಂಟ್ರಿಂಗ್ ಮೇಸ್ತ್ರಿ, ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಊರಿಂದ ಬಂದಿದ್ದ ಅವನ ತಂದೆ ತಾಯಿ. ಮುದುಕರ ಧೋತರ, ನಿಲುವಂಗಿ ಇಸ್ತ್ರಿ ಮಾಡಿದ್ದು. ತಲೆಯ ಮೇಲೆ ಗಂಜಿ ಹಾಕಿದ ಬಿಳಿ ಗಾಂಧಿ ಟೋಪಿ. ಕ್ಯಾಪ್ಟನ್ ಅವರನ್ನು ಕೂರಿಸಿ, ಆರ್ಡರ್ ತೆಗೆದುಕೊಂಡು, ಬಡಿಸಿಯೂ ಆಯಿತು. ಟೋಪಿಯ ಮಾತೇ ಇಲ್ಲ.

ಕ್ಯಾಪು ತೆಗೆದಿದ್ದ ಹುಡುಗ ನನ್ನ ಕಡೆ ತಿರುಗಿದ. ರೂಲು ಬರೆದವಳು ನಾನೇ ಎಂದು ಸ್ಟೀವರ್ಡ್ ಯಾರೋ ಅವನಿಗೆ ಹೇಳಿದ್ದರು. "ಆಂಟಿ, ರೂಲು ನಂಗೆ ಮಾತ್ರಾನಾ? ಆ ತಾತಂಗಿಲ್ವಾ?"

ನ್ಯಾಯವಾದ ಪ್ರಶ್ನೆ. ಕ್ಯಾಪ್ಟನ್‌ಳನ್ನು ಕರೆದೆ. "ಹನ್ನೊಂದನೇ ರೂಲು ಮರೆತೆಯಾ?"

"ಇಲ್ರಿ ಮೇಡಂ. ಅವರಿಗೆ ಬ್ಯಾಡ್ರಿ."

"ಒಬ್ಬರಿಗೊಂದು ಇನ್ನೊಬ್ಬರಿಗೊಂದು ಆದರೆ ಅದು ರೂಲೇ ಅಲ್ಲಮ್ಮ."

"ಮೇಡಂ, ಕೈ ಮುಗೀತೀನ್ರಿ, ಆಮ್ಯಾಲ ಹೇಳ್ತೀನಿ, ಈಗ ಬ್ಯಾಡ್ರಿ—"

ನಾನು ಕೇಳಲಿಲ್ಲ. ಎದ್ದು ಹೋಗಿ, ನನಗೆ ಗೊತ್ತಿದ್ದ ಅಷ್ಟೂ ವಿನಯವನ್ನು ಸೇರಿಸಿ, "ಯಜಮಾನರೇ, ದಯವಿಟ್ಟು ಟೋಪಿ ತೆಗೆದು ಊಟ ಮಾಡಿ. ಇಲ್ಲಿಯ ಪದ್ಧತಿ," ಅಂದೆ.

ಮುದುಕರು ನನ್ನ ಮುಖ ನೋಡಿದರು. ಮಗನ ಮುಖ ನೋಡಿದರು. ಟೋಪಿ ತೆಗೆದು ಪಕ್ಕದಲ್ಲಿಟ್ಟರು. ಆಮೇಲೆ ಎರಡೂ ಕೈ ತೊಡೆಯ ಮೇಲಿಟ್ಟು ಸುಮ್ಮನೆ ಕೂತುಬಿಟ್ಟರು. ಅವರ ಹೆಂಡತಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. ಯಾರೂ ಅನ್ನ ಮುಟ್ಟಲಿಲ್ಲ. "ಏಳ್ರಿ ಎಲ್ಲಾರೂ," ಎಂದ ಮೇಸ್ತ್ರಿ. ಆಗಲೇ ಆ ಕುರ್ಚಿಗಳ ಸದ್ದು.

ಕ್ಯಾಪ್ಟನ್ ಓಡಿ ಬಂದು ಟೋಪಿಯನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟಳು. "ಹಾಕ್ಕೋರಿ ಅಜ್ಜಾ. ತಪ್ಪ್ ಆಗೇತಿ ನಮ್ಮಿಂದ. ಮೇಡಂಗ ಗೊತ್ತಿಲ್ರಿ." ಎಲ್ಲರೆದುರು ಹಾಗಂದಳು. ಅವರ ಹಿಂದೆಯೇ ರಸ್ತೆಯವರೆಗೂ ಹೋದಳು. ನಾನು ನನ್ನ ಮೂಲೆಗೆ ಮರಳಿ ಕಾಫಿ ಕುಡಿದೆ. ಹೌದು, ಕುಡಿದೆ. ಅವಳ ಮೇಲೆ ಸಿಟ್ಟು ಬಂದಿತ್ತು ಎಂದೂ ಬರೆಯಬೇಕು.

ಮಂಗಳವಾರದ ಕ್ಲಾಸಿಗೆ ಅವಳು ಬರಲಿಲ್ಲ. ಮಾಲೀಕ ಕೆಲಸದಿಂದ ತೆಗೆದಿದ್ದ. "ಗೆಸ್ಟ್ ಮುಂದೆ ನಿಮ್ ಮಾತು ಮೀರಿದ್ಲು ಮಿಸ್. ಸೆಕ್ಷನ್ ಬಿಟ್ಟು ರೋಡಿಗೆ ಹೋದ್ಲು. ನಿಮ್ ರೂಲನ್ನೇ ನಾನು ಎತ್ತಿಹಿಡಿದಿದ್ದು," ಎಂದ. ಅಷ್ಟು ಮಾತ್ರವಲ್ಲ, ಅವಳು ಎಲೆಕ್ಟ್ರಾನಿಕ್ ಸಿಟಿಯ ಒಂದು ಹೋಟೆಲಿಗೆ ಅರ್ಜಿ ಹಾಕಿದ್ದಳಂತೆ, ಇನ್ನೂ ದೊಡ್ಡ ಹುದ್ದೆ. ಅವರು ಇಲ್ಲಿಂದ ರಿಲೀವಿಂಗ್ ಲೆಟರ್ ಕೇಳುತ್ತಾರೆ. ತೆಗೆದುಹಾಕಿದವಳಿಗೆ ಲೆಟರ್ ಎಲ್ಲಿಯದು? ಆರು ವರ್ಷದ ದುಡಿಮೆ ಒಂದು ಭಾನುವಾರಕ್ಕೆ ಅಳಿಸಿಹೋಗುವುದರಲ್ಲಿತ್ತು.

ಮರುದಿನ ಬೆಳಿಗ್ಗೆ ಹೂಡಿಯಲ್ಲಿ ಅವಳ ಮನೆ ಹುಡುಕಿಕೊಂಡು ಹೋದೆ. ಸಾಲು ರೂಮುಗಳಲ್ಲಿ ಕೊನೆಯದು. ನನ್ನನ್ನು ನೋಡಿ ಗಾಬರಿಯಾಗಿ ಚಾಪೆ ಹಾಸಿ, ಅದು ಬೇಡವೆಂದು ಸ್ಟೂಲ್ ತಂದು, ಅದನ್ನು ಸೆರಗಿನಿಂದ ಒರೆಸಿದಳು.

"ಈಗ ಹೇಳು, ಆಮೇಲೆ ಹೇಳ್ತೀನಿ ಅಂದಿದ್ದೆಯಲ್ಲ," ಅಂದೆ.

"ನಮ್ಮ ಕಡೆ ಹಿರ್ಯಾರು ನಾಲ್ಕ್ ಮಂದ್ಯಾಗ ಟೊಪಗಿ ತಗಿಯೂದಿಲ್ರಿ. ತಗದ್ರ ಮನ್ಯಾಗ ಯಾರೋ ಸತ್ತಾರಂತ ಅರ್ಥ. ಹೆಣದ ಮುಂದ ತಗೀತಾರ್ರಿ. ಮದುವ್ಯಾಗ ಬೀಗರಿಗೆ ಉಡುಗೊರಿ ಕೊಡೂದ ಟೊಪಗಿ, ಟಾವೆಲ್. ನೀವು ಆ ಅಜ್ಜಾನ ಹೆಂಡ್ತಿ ಬಾಜೂಕ ಕುಂತಾಗ ಬರಿ ತಲಿ ಮಾಡಸಿದ್ರಿ. ಆ ಆಯಿಗೆ ಹ್ಯಾಂಗ್ ಅನಸಿರಬೇಕ್ರಿ?"

ನನಗೆ ಎಪ್ಪತ್ಮೂರು. ಇದೇ ರಾಜ್ಯ, ಇದೇ ಭಾಷೆ. ಫಿಶ್ ನೈಫ್ ಯಾವ ಕಡೆ ಇಡಬೇಕು ಎಂದು ಗೊತ್ತಿತ್ತು, ಇದು ಗೊತ್ತಿರಲಿಲ್ಲ.

"ಆ ಅಜ್ಜ ಎಲ್ಲಿದ್ದಾರೆ? ನಾನು ಕ್ಷಮೆ ಕೇಳಬೇಕು."

"ನಿನ್ನೆ ಊರಿಗೆ ಹೋದ್ರಂತ್ರಿ." ಮೇಸ್ತ್ರಿ ಅವಳ ಗಂಡನ ಪರಿಚಯದವನೇ. ಅವನಿಂದ ಅಜ್ಜನ ನಂಬರ್ ಪಡೆದು ಫೋನ್ ಹಚ್ಚಿಕೊಟ್ಟಳು. ನಾನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ವಾಕ್ಯಗಳೆಲ್ಲ ಕಲೆಸಿಹೋಗಿ, "ತಪ್ಪಾಯಿತು," ಎಂದಷ್ಟೇ ಹೇಳಿದೆ.

"ನಾ ಮರ್ತೀನ್ರಿ ತಂಗಿ. ನಮ್ಮಾಕಿ ಇನ್ನೂ ಮರ್ತಿಲ್ಲ," ಎಂದರು. ಮತ್ತೆ, "ಆ ಹೆಣ್ಮಗಳ ಕೆಲಸಾ ಹೋತಂತ ಕೇಳಿದೆ. ನನ್ನ ಟೊಪಗಿ ಸಲುವಾಗಿ ಹಂಗ ಆಗಬಾರ್ದ್ ನೋಡ್ರಿ. ಅದನ್ನಷ್ಟ ಮಾಡ್ರಿ."

ಮಾಡುತ್ತೇನೆ ಎಂದೆ. ಮಾತು ಕೊಟ್ಟ ಮೇಲೆ ನಡೆಸಿಕೊಡಲೇಬೇಕು.

ಮಾಲೀಕನಿಗೆ ಎಲ್ಲವನ್ನೂ ಹೇಳಿದೆ. ಅವನು, "ಈಗ ವಾಪಸ್ ತಗೊಂಡ್ರೆ ಡಿಸಿಪ್ಲಿನ್ ಏನಾಗತ್ತೆ ಮಿಸ್? ಸಾರಿ ಬರ್ಕೊಡ್ಲಿ, ನೋಡೋಣ," ಎಂದ. ಅವಳು ಬರೆದುಕೊಡುವುದಿಲ್ಲ ಎಂದಳು. ನಾನೂ ಬರೆಯಬೇಡ ಎಂದೆ.

ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ, ಕಿಟಕಿಯ ಪಕ್ಕದ ನಾಲ್ಕು ಜನರ ಮೇಜಿನಲ್ಲಿ ಒಬ್ಬಳೇ ಕೂತು ಒಂದು ಟೊಮ್ಯಾಟೊ ಸೂಪ್ ತರಿಸಿದೆ. ಮೂರೂವರೆಗೆ ಎದ್ದೆ. ಶುಕ್ರವಾರವೂ ಅಷ್ಟೇ. ಆಫೀಸಿನವರು ಬಾಗಿಲಲ್ಲಿ ಸಾಲು ನಿಂತು ವಾಚ್ ನೋಡಿಕೊಳ್ಳುತ್ತಿದ್ದರು. ಸ್ಟೀವರ್ಡ್‌ಗಳು ನಾನು ಕಲಿಸಿದ ಹಾಗೆಯೇ ಬಲಗಡೆಯಿಂದ ಬಂದು, "ಇನ್ನೂ ಸ್ವಲ್ಪ ನೀರು ಮೇಡಂ?" ಎಂದು ತುಂಬಿಸಿ ಹೋಗುತ್ತಿದ್ದರು. ಯಾರೂ ಬಿಲ್ ತರಲಿಲ್ಲ. ಒಬ್ಬನಂತೂ ನಗು ತಡೆಯಲಾರದೆ ಪ್ಯಾಂಟ್ರಿಗೆ ಓಡಿದ.

"ಮಿಸ್, ರಶ್ ಅವರ್. ಟೇಬಲ್ ಬೇಕು," ಎಂದ ಮಾಲೀಕ.

"ಅತಿಥಿಯನ್ನು ಎಬ್ಬಿಸಬಾರದು. ಏಳನೇ ರೂಲು, ಓದಿಕೊಂಡು ಬಾ."

"ಸಣ್ಣ ಮಗು ಥರ ಮಾಡ್ತಿದೀರಾ."

"ಸೂಪಿಗೆ ಉಪ್ಪು ಕಮ್ಮಿ," ಅಂದೆ.

ನಡುವೆ ಶನಿವಾರ ಮಂಡಿ ಹಿಡಿದುಕೊಂಡಿತ್ತು. ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಹೋದೆ. ಭಾನುವಾರ ಎರಡು ಮನೆಯವರು ಜಾಗವಿಲ್ಲದೆ ತಿರುಗಿ ಹೋಗುವುದನ್ನು ನೋಡಿ ನನಗೇ ಕೆಟ್ಟದೆನಿಸಿತು. ಆದರೂ ಏಳಲಿಲ್ಲ. ಸೋಮವಾರ ಅವನು ಬಂದು ನನ್ನೆದುರು ಕೂತ. ನಾಲ್ಕನೇ ಕ್ಲಾಸಿನಲ್ಲಿ ಹೋಮ್‌ವರ್ಕ್ ಮಾಡದ ದಿನ ನೋಡಿಕೊಳ್ಳುತ್ತಿದ್ದ ಹಾಗೆ ಉಗುರು ನೋಡಿಕೊಂಡ.

"ಸಾರಿ ಬೇಡ ಮಿಸ್. ಬರಕ್ಕೆ ಹೇಳಿ ಅವ್ಳಿಗೆ."

"ಬಾಗಿಲಲ್ಲಿರುವ ಕಾರ್ಡು?"

"ತೆಗೆಸ್ತೀನಿ."

ಹನ್ನೊಂದನೆಯ ರೂಲನ್ನು ಅವನೆದುರೇ ಹೊಸದಾಗಿ ಬರೆದೆ. ಟೋಪಿಯ ವಿಷಯ ಅತಿಥಿಗೆ ಬಿಟ್ಟದ್ದು, ಅಷ್ಟೇ. ಊಟದ ಮೇಜಿನಲ್ಲಿ ಕ್ರಿಕೆಟ್ ಕ್ಯಾಪು ಕಂಡರೆ ಇಂದಿಗೂ ನನ್ನ ಹುಬ್ಬು ಗಂಟಾಗುತ್ತದೆ. ಅದು ನನ್ನ ಪಾಡು.

ಅವಳು ಕೆಲಸಕ್ಕೆ ಮರಳಿದಳು. ಮರಳಿದ ದಿನವೇ ರಾಜೀನಾಮೆ ಕೊಟ್ಟಳು! "ಇದೇನಮ್ಮ, ನನ್ನ ಮಂಡಿ ಹೋದದ್ದು ಇದಕ್ಕಾ?" ಅಂದೆ.

"ಕೆಲಸಾ ನಾನಾಗೇ ಬಿಡಬೇಕ್ರಿ ಮೇಡಂ, ಅವರು ಬಿಡಸಬಾರ್ದು. ಆ ಹೋಟೆಲಿನವರು ಲೆಟರ್ ತಂದ್ರ ತಗೋತೀವಿ ಅಂದಾರ್ರಿ. ಒಂದ್ ತಿಂಗಳ ನೋಟೀಸ್ ಐತಿ. ಒಂದ್ ದಿನಾ ರಜಾ ಹಾಕೂದಿಲ್ಲ ನೋಡ್ರಿ."

ಹಾಕಲಿಲ್ಲ. ಕೊನೆಯ ದಿನ ಊಟದ ಹೊತ್ತು ಮುಗಿದ ಮೇಲೆ ಮಾಲೀಕ ಲೆಟರಿಗೆ ಸಹಿ ಮಾಡಿ, ಬಿಳಿ ಲಕೋಟೆಯಲ್ಲಿ ಹಾಕಿ ಕೊಟ್ಟ. ಮಡಚಿರಲಿಲ್ಲ, ದೊಡ್ಡ ಲಕೋಟೆಯೇ ಬೇಕೆಂದು ಅವಳು ಕೇಳಿದ್ದಳಂತೆ. ಸಿಬ್ಬಂದಿ ಹೋಗುವುದು ಅಡುಗೆಮನೆಯ ಹಿಂದಿನ ಬಾಗಿಲಿಂದ. ಅವಳು ಹಸಿರು ಸೀರೆ ಉಟ್ಟು ಊಟದ ಮೇಜುಗಳ ನಡುವೆಯೇ ನಡೆದು ಮುಂಬಾಗಿಲಿಂದ ಹೊರಬಂದಳು.

ಬಸ್ ಸ್ಟಾಪಿನವರೆಗೆ ನಾನೂ ಹೋದೆ. "ಮಂಡಿಗೆ ಬಿಸಿ ಉಪ್ಪಿನ ಶಾಖ ಕೊಡ್ರಿ," ಎಂದಳು. "ಹೊಸ ಕಡೆ ಯಾರಾದರೂ ತಪ್ಪು ರೂಲು ಹೇಳಿದರೆ ಅಲ್ಲೇ ಹೇಳಿಬಿಡು, ಆಮೇಲೆ ಅನ್ನಬೇಡ," ಎಂದೆ. "ಬ್ಯಾಡ್ರಿ ಅಂತ ಅಲ್ಲೇ ಹೇಳಿದ್ನಲ್ರಿ," ಎಂದು ನಕ್ಕಳು. ನಿಜ, ಹೇಳಿದ್ದಳು.

ಬಸ್ಸು ಬಂತು, ಜನ ಬಾಗಿಲವರೆಗೂ ತುಂಬಿಕೊಂಡಿದ್ದರು. ಅವಳು ಮುಂದಿನ ಬಾಗಿಲಲ್ಲಿ ಒಂದು ಕಾಲಿಟ್ಟು, ಹೆಗಲಿನಿಂದ ಜಾಗ ಮಾಡಿಕೊಂಡು ಒಳಗೆ ಸೇರಿದಳು. ಮುಖ ಕಾಣಲಿಲ್ಲ. ಆ ಲಕೋಟೆ ಮಾತ್ರ ಕಂಡಿತು. ಮಡಿಕೆ ಬೀಳದಿರಲೆಂದು ಅವಳು ಅದನ್ನು ಎಲ್ಲರಿಗಿಂತ ಎತ್ತರದಲ್ಲಿ ಹಿಡಿದುಕೊಂಡಿದ್ದಳು.