ಹೊಳೆಗೆ ಬಿಡದ ಹೊತ್ತಿಗೆ

ಆ ಸಲದ ಸರಸ್ವತಿ ಪೂಜೆಗೆ ಹೂಲಿಯ ನಮ್ಮ ಮನೆಯಲ್ಲಿ ಇದ್ದವರು ಮೂವರು: ಪೂಜೆಗೆ ಕುಳಿತ ದೊಡ್ಡಪ್ಪ, ಬೈಲಹೊಂಗಲದಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಅವರ ತಂಗಿ, ಅಂದರೆ ನಮ್ಮ ಅತ್ತೆ, ಮತ್ತು ಗಂಧ ತೇಯುತ್ತಿದ್ದ ನಾನು. ಮನೆಯ ಪುಸ್ತಕಗಳೆಲ್ಲ ಮಣೆ ಏರಿದ್ದವು. ಪಕ್ಕದಲ್ಲಿ ಹಳೆಯ ಧೋತರದಲ್ಲಿ ಕಟ್ಟಿದ ಒಂದು ಗಂಟು. ಹುಳ ಹಿಡಿದ ಹೊತ್ತಿಗೆಗಳನ್ನು ನಾವು ಸುಡುವುದಿಲ್ಲ, ರದ್ದಿಗೂ ಹಾಕುವುದಿಲ್ಲ. ಪೂಜೆ ಮುಗಿದ ಮೇಲೆ ಮನೋಳಿಗೆ ಒಯ್ದು ಮಲಪ್ರಭೆಗೆ ಬಿಡುತ್ತೇವೆ.

ಗಂಟಿನ ಸಂದಿಯಿಂದ, ಹೊತ್ತಿಗೆಯೊಂದರ ರಟ್ಟಿಗೆ ಅಂಟಿಸಿದ್ದ ಇಳಕಲ್ ಸೀರೆಯ ಕೆಂಪು ಸೆರಗು ಇಣುಕಿದ್ದನ್ನು ಅತ್ತೆ ಕಂಡಳು.

"ಅಣ್ಣಾ, ಕಾಕಾನ ಹೊತ್ತಿಗಿ ಇದರಾಗ ಯಾಕ ಅದ?"

"ಹೊಳಿಗೆ ಹೊಂಟದ."

ಕಾಕಾ ಎಂದರೆ ನಮ್ಮ ಅಜ್ಜನ ತಮ್ಮ, ಆ ಹೊತ್ತಿಗೆಯನ್ನು ಬರೆದವನು. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಚಿತ್ರ ಕಲಿಯಲು ಮುಂಬಯಿಗೆ ಹೋದವನು, ಪರದೇಶದ ಹೊಸ ಕವಿಗಳ ಪತ್ರಿಕೆ ನೋಡಿ ತಲೆ ಕೆಡಿಸಿಕೊಂಡು ಬಂದನೆಂದು ಮನೆಯವರ ಮಾತು. ಬಂದವನೇ ಕಾಡಿಗೆಯಿಂದ ಮಸಿ ಮಾಡಿಕೊಂಡು, ಪದ್ಯ ಬರೆದು, ಚಿತ್ರ ತೆಗೆದು, ತಾಯಿಯ ಹರಿದ ಸೀರೆಯನ್ನು ರಟ್ಟಿಗೆ ಅಂಟಿಸಿ ತಾನೇ ಹೊಲಿದ. ಗಿರಣಿಯ ಚಿಮಣಿಯ ಪದ್ಯವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಬೀಸುವ ಕಲ್ಲಿನ ಪದ್ಯಕ್ಕೆ ಹೊತ್ತಿಗೆಯನ್ನೇ ತಿರುವಬೇಕು. ಸಣ್ಣವರಿದ್ದಾಗ ನಾವೂ ಅದರೊಂದಿಗೆ ತಿರುಗಿ ತಲೆ ಸುತ್ತಿ ಬಿದ್ದದ್ದುಂಟು. ನಡುವಿನ ಪುಟದಲ್ಲಿ ಶಾಲು ಹೊದ್ದ ಕಪ್ಪೆ, ಬಾಯಿಂದ ಅಕ್ಷರಗಳು ಬುಳುಬುಳು ಉದುರುತ್ತಿವೆ. ಮುಖ ಮಾತ್ರ ನಮ್ಮ ಅಜ್ಜನದೇ.

ಅಜ್ಜನ ಹಿರಿಯ ಮಗನಾದ ದೊಡ್ಡಪ್ಪನಿಗೆ ಆ ಪುಟ ಕಣ್ಣಿಗೆ ಬಿದ್ದ ಕಸ.

"ಅಪ್ಪನ್ನ ಕಪ್ಪಿ ಮಾಡ್ಯಾನ. ಇದಕ್ಕ ನಾ ಇನ್ನ ಅರಿಷಿಣ ಕುಂಕುಮ ಹಚ್ಚಂಗಿಲ್ಲ."

"ಆತ ನನಗೂ ಅಪ್ಪನೇ. ಮಂತ್ರ ಹೇಳೂ ಮುಂದ ಬಾಯಿ ಹಂಗ ಆಗತಿತ್ತಲ್ಲೋ ಅಣ್ಣಾ!"

ನನಗೆ ನಗು ತಡೆಯಲಾಗಲಿಲ್ಲ.

"ನೀ ಸುಮ್ಮನ ಗಂಧ ತೇಯಿ," ಎಂದು ದೊಡ್ಡಪ್ಪ ನನ್ನನ್ನು ಗದರಿದರು.

"ನಗಲಿ ಬಿಡು," ಎಂದಳು ಅತ್ತೆ. "ಅಪ್ಪಗ ಸಿಟ್ಟು ಬಂದಿತ್ತು, ಖರೆ. ಸಿಟ್ಟಿನಾಗ ಏನ ಮಾಡಿದ? ಕೆಂಪು ಮಸೀಲೆ ಅದೇ ಪುಟದ ಪದ್ಯಕ್ಕ ಪ್ರಸ್ತಾರ ಹಾಕಿ, ಛಂದಸ್ಸು ತಪ್ಪ್ಯದ ಅಂತ ಬಾಜೂಕ ಬರದ. ಹೊಳಿಗೇನೂ ಬಿಡಲಿಲ್ಲ."

ಅದು ನಿಜ. ತಾನು ಕಪ್ಪೆಯಾದದ್ದನ್ನು ಬಿಟ್ಟು ಅಜ್ಜ ಛಂದಸ್ಸಿಗೆ ಹೌಹಾರಿದ್ದ. ಛಂದಸ್ಸು ಮುರಿಯುವುದೇ ತಮ್ಮನ ಹಟವೆಂದು ಅವನಿಗೆ ಹೊಳೆಯಲೇ ಇಲ್ಲ. ತಮ್ಮನೇನು ಕಡಿಮೆಯೇ? ಆ ಲಘು ಗುರು ಗುರುತುಗಳಿಗೆಲ್ಲ ಕಾಲು, ಮೀಸೆ ಬರೆದು ಕೆಂಪಿರುವೆ ಮಾಡಿ ಕಪ್ಪೆಯ ಮೈಮೇಲೆ ಹತ್ತಿಸಿದ.

"ಈ ಮನ್ಯಾಗ ನಾ ಹಿರ್ಯಾ," ಎಂದರು ದೊಡ್ಡಪ್ಪ.

"ಹಿರೇತನ ನಿನ್ನ ಕಡೆ ಇರಲಿ. ಹೊತ್ತಿಗಿ ನನ್ನ ಕಡೆ ಇರತದ."

ಅತ್ತೆ ಗಂಟು ಬಿಚ್ಚಿದಳು. ಪುಸ್ತಕಗಳು ಮಣೆ ಏರಿದ ದಿನ ನಮ್ಮಲ್ಲಿ ಯಾರೂ ಒಂದಕ್ಷರ ಓದಬಾರದು. ಅವಳು ಗೋಡೆಗೆ ಒರಗಿ, ಹೊತ್ತಿಗೆಯನ್ನು ತಿರುವುತ್ತ, ಬೀಸುವ ಕಲ್ಲಿನ ಪದ್ಯವನ್ನು ಏರುದನಿಯಲ್ಲಿ ಓದತೊಡಗಿದಳು. ದೊಡ್ಡಪ್ಪ ಗಂಟೆಯನ್ನು ಜೋರಾಗಿ ಬಾರಿಸಿದರು. ಅವಳು ಅದಕ್ಕೂ ಜೋರಾಗಿ ಓದಿದಳು. ನಾನು ಗಂಧದ ಕೊರಡು ಕೆಳಗಿಟ್ಟು ಅವಳ ಮಗ್ಗುಲಿಗೆ ಹೋಗಿ ಕುಳಿತೆ, ಮುಂದಿನ ಪದ್ಯ ನಾನು ಓದಿದೆ. ಸಂಜೆಯ ಬಸ್ಸಿಗೆ ಹೊತ್ತಿಗೆ ಅತ್ತೆಯ ಸಂಗಡ ಹೋಯಿತು.

ದೀಪಾವಳಿ ಕಳೆದು ದೊಡ್ಡಪ್ಪ ಬೈಲಹೊಂಗಲಕ್ಕೆ, ತಂಗಿಯ ಮನೆಗೆ ಹೋದರು. ಪಡಸಾಲೆಯಲ್ಲಿ, ಬಂದವರು ಕೂಡುವ ಜಾಗದ ಎದುರಿಗೆ, ಗಾಜಿನ ಪೆಟ್ಟಿಗೆಯೊಳಗೆ ಕಪ್ಪೆಯ ಪುಟ ತೆರೆದಿತ್ತು. ಮುಚ್ಚು ಎಂದರು. ಅತ್ತೆ ಮುಚ್ಚಲಿಲ್ಲ. ಅವರು ಚಹಾ ಮುಟ್ಟದೆ ಎದ್ದು, ಮುಂದಿನ ಬಸ್ಸಿಗೆ ಊರಿಗೆ ಮರಳಿದರು.