ಮಾಗಳಿ ಬೇರಿನ ಅಜ್ಜಿಯ ಕೂಗು

ಮೊನ್ನೆ ಮಾರ್ಕೆಟ್ಟಿಗೆ ಹೋದಾಗ ಆ ವಾಸನೆ ಮೂಗಿಗೆ ಬಡಿಯಿತು. ಮಾಗಳಿ ಬೇರು! ಅದರ ಉಪ್ಪಿನಕಾಯಿ ತಿಂದು ಅಭ್ಯಾಸವಿಲ್ಲದವರು ತಿಗಣೆ ವಾಸನೆ ಎಂದು ಮೂಗು ಮುಚ್ಚಿಕೊಳ್ಳುತ್ತಾರೆ. ಮುಚ್ಚಿಕೊಳ್ಳಲಿ, ನಮಗೇ ಒಂದು ಹೋಳು ಜಾಸ್ತಿ. ಆದರೆ ಇದಿನ್ನೂ ಬೇರಿನ ಕಾಲವಲ್ಲ, ದಸರೆಯೇ ಬಂದಿಲ್ಲ. ಎಲ್ಲ ಪೆನ್ಸಿಲ್ಲಿನಷ್ಟು ಸಣಕಲು. ಒಂದನ್ನು ಎತ್ತಿಕೊಂಡೆ. ಬೇರೆಯವರಿಗೆ ಮೊಸರನ್ನ ನೆನಪಾದರೆ ನನಗೆ ಭಯ ನೆನಪಾಗುತ್ತದೆ.

ನಾನು ಚಿಕ್ಕವಳಿದ್ದಾಗ ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಬೇರು ತರುತ್ತಿದ್ದವರು ಹೆಗ್ಗಡದೇವನಕೋಟೆ ಕಡೆಯ ಕಾಡಂಚಿನ ಗಿರಿಜನರ ಹಾಡಿಯ ಒಬ್ಬ ಅಜ್ಜಿ. ಜಗಲಿಯಲ್ಲಿ ಕುಕ್ಕೆ ಇಳಿಸಿ, ಅಮ್ಮ ಕೊಟ್ಟ ಕಾಫಿಯನ್ನು ಊದಿ ಊದಿ ಕುಡಿಯುತ್ತಾ ಕಾಡಿನ ಸುದ್ದಿ ಹೇಳುತ್ತಿದ್ದರು. ಬೇರು, ಜೇನು, ಸೀಗೆಕಾಯಿ, ಒಲೆಗೆ ಪುಳ್ಳೆ, ಜ್ವರಕ್ಕೆ ಸೊಪ್ಪು... ಹಾಡಿಯವರಿಗೆ ಅಂಗಡಿ, ಆಸ್ಪತ್ರೆ ಎಲ್ಲ ಕಾಡೇ. ಅದರೊಳಗೆ ಕಾಲಿಡುವ ಮೊದಲು ಅವರದೊಂದು ಪದ್ಧತಿ ಇತ್ತು. ಬಾಯಿಗೆ ಕೈ ಅಡ್ಡ ಹಿಡಿದು ಉದ್ದಕ್ಕೆ "ಕೂ..." ಎಂದು ಕೂಗುವುದು. ನಮ್ಮ ಜಗಲಿಯಲ್ಲೂ ಕೂಗಿ ತೋರಿಸುತ್ತಿದ್ದರು. ಎದುರುಮನೆಯವರು ಗಾಬರಿಯಾಗಿ ಬಾಗಿಲಿಗೆ ಓಡಿಬರುತ್ತಿದ್ದರು.

"ನಾವ್ ಬತ್ತಾ ಇದೀವಿ ಅಂತ ಆನೆಗೆ ಹೇಳಾದು ಕಣವ್ವ. ಅದು ಪಕ್ಕಕ್ಕೋಯ್ತದೆ. ನಮ್ ದಾರಿ ನಮ್ಗೆ, ಅದ್ರ ದಾರಿ ಅದ್ಕೆ."

ಒಂದು ವರ್ಷ ಕುಕ್ಕೆಯ ತಳ ಮುಚ್ಚುವಷ್ಟೂ ಬೇರಿರಲಿಲ್ಲ. ಕಾಫಿ ಲೋಟ ಹಿಡಿದೇ ಕೂತಿದ್ದರು, ಕುಡಿಯಲಿಲ್ಲ. ಬೀದಿಯಲ್ಲಿ ಲಾರಿ ಹೋದರೆ ಬೆಚ್ಚುತ್ತಿದ್ದರು. ಹಾಡಿಯ ಹಿಂದಿನ ಕಾಡು ಬೋಳಾಗಿತ್ತಂತೆ. ಮೊದಲು ಸೌದೆಗೆಂದು ಮರ ಹೋದವು, ಆಮೇಲೆ ಆ ನೆಲಕ್ಕೆ ಬೇಲಿ ಬಂತು, ಶುಂಠಿ ಬಂತು. ಆನೆಗಳು ಹಾಡಿಯ ಹತ್ತಿರವೇ ಸುಳಿಯುತ್ತಿದ್ದವಂತೆ.

"ಅಷ್ಟೊಂದು ಸೌದೆ ಯಾರಿಗಜ್ಜಿ ಬೇಕು?" ಎಂದರು ಅಪ್ಪ, ಸಿಗರೇಟು ಹಚ್ಚುತ್ತಾ.

"ಹೊಗೆಸೊಪ್ಪು ಬೇಯ್ಸೋ ಗೂಡಿಗೆ ಸ್ವಾಮಿ. ಲಾರಿಗಟ್ಲೆ ಬೇಕು. ನಮ್ ಐಕ್ಳೂ ಕೂಲಿಗೆ ಕಡ್ಯಾಕೋದ್ರು. ಒಟ್ಟೆ ಕೇಳ್ಬೇಕಲ್ಲ."

ಅಪ್ಪ ಬೆರಳ ನಡುವಿನ ಸಿಗರೇಟನ್ನು ಒಮ್ಮೆ ನೋಡಿಕೊಂಡರು. ಆದರೂ ಸೇದಿದರು.

ಅಮ್ಮ ಅಜ್ಜಿಯ ಹತ್ತಿರ ಬಂದು ಕೂತರು. "ಅಲ್ಲಿಗೆ ಹೋಗ್ಲೇಬೇಡಿ ಅಜ್ಜಿ. ಇಲ್ಲೇ ಹಿತ್ತಲ ಕೋಣೆಲಿ ಇದ್ಬುಡಿ."

"ಆನೆಗೂ ಭಯ ಕಣವ್ವ, ನಂಗೂ ಭಯ. ಕೂಗುದ್ರೆ ಪಕ್ಕಕ್ಕೋಗಾನ ಅಂದ್ರೆ, ಅದ್ಕೆ ಪಕ್ಕವೇ ಇಲ್ವಲ್ಲ!"

ಮಾತಾಡುವಾಗ ಅಜ್ಜಿ ನನ್ನ ಕೈ ಹಿಡಿದುಕೊಂಡಿದ್ದರು. ಅವರ ಅಂಗೈ ಬೆವರಿತ್ತು. ದೊಡ್ಡವರೂ ಹೆದರುತ್ತಾರೆ ಎಂದು ನನಗೆ ತಿಳಿದದ್ದೇ ಅಂದು, ನಾನೂ ಹೆದರಿ ಅತ್ತುಬಿಟ್ಟೆ. ಮಗಳು, ಮೊಮ್ಮಕ್ಕಳನ್ನು ಅಲ್ಲಿ ಬಿಟ್ಟು ತಾನೊಬ್ಬಳೇ ಜೀವ ಉಳಿಸಿಕೊಳ್ಳುವುದೇ ಎಂದು ಸಂಜೆಯ ಬಸ್ಸಿಗೆ ಹೊರಟೇಬಿಟ್ಟರು.

ಮರುವರ್ಷ ಬಂದದ್ದು ಆ ಮಗಳು. ಶುಂಠಿ ಹೊಲಗಳ ನಡುವೆ ಒಂದು ತುಂಡು ಪೊದೆ ಉಳಿದಿತ್ತಂತೆ. ತಾಯಿ, ಮಗಳು ಅಲ್ಲಿಗೆ ಬೇರು ಅಗೆಯಲು ಹೋಗಿದ್ದರಂತೆ. ಅಜ್ಜಿ ಎಂದಿನ ಹಾಗೆ ಕೈ ಅಡ್ಡ ಹಿಡಿದು ಕೂಗಿದರಂತೆ.

"ಸುಮ್ಕಿದ್ದಿದ್ರೆ ಆನೆ ಒಳ್ಗೇ ನಿಂತಿರದು ಕಣಮ್ಮ. ಅವ್ವ ಕೂಗ್ಬುಟ್ಲು. ಮೂರ್ ಕಡೆನೂ ಬೇಲಿ. ಇದ್ದ ಒಂದೇ ದಾರೀಲಿ ಅವ್ವ ನಿಂತಿದ್ಲು..."

ಅಮ್ಮ ಆ ವರ್ಷ ಉಪ್ಪಿನಕಾಯಿ ಹಾಕಲಿಲ್ಲ. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು, ಅಮ್ಮನೂ ಇಲ್ಲ. ಆ ಕೂಗು ಮಾತ್ರ ನನ್ನ ಕಿವಿ ಬಿಟ್ಟಿಲ್ಲ.

ಮೊನ್ನೆ ಬೇರನ್ನು ಅಲ್ಲೇ ಇಟ್ಟು ಹೊರಬಂದೆ. ದಸರೆಯ ಆನೆಗಳು ತಾಲೀಮಿಗೆಂದು ಬನ್ನಿಮಂಟಪದ ಕಡೆ ಹೊರಟಿದ್ದವು. ಜನ ಮೊಬೈಲು ಎತ್ತಿ ಹಿಡಿದು ನೂಕಾಡುತ್ತಿದ್ದರು. ಗಂಟೆಯ ಸದ್ದು ಹತ್ತಿರವಾಯಿತು. "ಪಕ್ಕಕ್ಕೆ ಬನ್ನಿ, ಪಕ್ಕಕ್ಕೆ!" ಎಂದು ಪೊಲೀಸಿನವರು ಕೂಗಿದರು. ಎಲ್ಲರೂ ನಗುತ್ತಾ ಸರಿದರು. ನಾನು ಕೈಯನ್ನು ಹಿಂದಕ್ಕೆ ಚಾಚಿ, ಜಾಗ ಇದೆಯೇ ಎಂದು ತಡಕಿದೆ... ಮುಚ್ಚಿದ ಅಂಗಡಿಯ ಶಟರ್ ಕೈಗೆ ತಣ್ಣಗೆ ತಾಗಿತು.