ದೊಡ್ಡಮ್ಮನ ಫೋಟೊಗೆ ಐವತ್ತು ವರ್ಷದ ವಿಮರ್ಶೆ

ಹೋದ ತಿಂಗಳ ಒಂದು ಭಾನುವಾರ ನಮ್ಮ ದೊಡ್ಡಮ್ಮ ಹಿಂದೂಪುರದ ತನ್ನ ಮನೆಯಲ್ಲಿ ಅರ್ಜೆಂಟ್ ಮೀಟಿಂಗ್ ಕರೆದಳು. ಅಜೆಂಡಾ ಒಂದೇ. ತಾನು ಸತ್ತ ಮೇಲೆ ಗೋಡೆಗೆ ಯಾವ ಫೋಟೊ ಹಾಕಬೇಕು?

ಗಾಬರಿಯಾಗಬೇಡಿ. ದೊಡ್ಡಮ್ಮ ಗುಂಡುಕಲ್ಲಿನ ಹಾಗಿದ್ದಾಳೆ. ಬಿ.ಪಿ. ಇಲ್ಲ, ಶುಗರ್ ಇಲ್ಲ. ಅವಳ ಮನೆಯ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನನಗೆ. ಮೀಟಿಂಗಿನ ದಿನವೂ ಅಷ್ಟೂ ಜನಕ್ಕೆ ಅವಳೇ ನಿಂತು ಒಬ್ಬಟ್ಟು ಬೇಯಿಸಿದಳು. ಸಾವಿನ ಮೀಟಿಂಗಿಗೆ ಒಬ್ಬಟ್ಟು ತಿಂದವರು ಈ ಜಿಲ್ಲೆಯಲ್ಲಿ ನಾವೇ ಮೊದಲಿರಬೇಕು.

ಈ ಆತುರಕ್ಕೆ ಕಾರಣ ಅವಳ ಅತ್ತೆ. ಆ ಮಹಾತಾಯಿ ತೀರಿಕೊಂಡಾಗ ಮನೆಯಲ್ಲಿ ಒಂದು ನೆಟ್ಟಗಿರುವ ಫೋಟೊ ಸಿಗಲಿಲ್ಲ. ಕೊನೆಗೆ ವೋಟರ್ ಕಾರ್ಡಿನಲ್ಲಿದ್ದ ಸ್ಟಾಂಪ್ ಸೈಜಿನ ಮುಖವನ್ನೇ ಎಳೆದೂ ಎಳೆದೂ ದೊಡ್ಡದು ಮಾಡಿ ಕಟ್ಟು ಹಾಕಿಸಿದರು. ಅವತ್ತಿನಿಂದ ಅಜ್ಜಿ ಹಾಲ್‌ನ ಗೋಡೆಯಿಂದ ಬಂದವರನ್ನೆಲ್ಲ ಗುರಾಯಿಸುತ್ತಿದ್ದಾಳೆ. ಪಾಪ, ಬದುಕಿದ್ದಾಗ ಯಾರನ್ನೂ ಗದರಿದವಳಲ್ಲ.

"ನನ್ನೂ ಹಂಗೇ ಮಾಡ್ಬುಡ್ತೀರ ಕಣ್ಲಾ ನೀವು" ಎಂದು ದೊಡ್ಡಮ್ಮ ಶುರು ಮಾಡಿದಳು. "ಆಧಾರ್ ಕಾರ್ಡ್ ಹಿಡ್ಕಂಡು ಅಂಗಡಿಗೆ ಓಡ್ತೀರ. ಅದ್ರಾಗೆ ನಾನು ಸರ ಕದ್ದು ಸಿಕ್ಕಾಕ್ಕಂಡೋಳಂಗೆ ಇದೀನಿ. ಬ್ಯಾಡ. ನನ್ ಫೋಟೊ ನಾನೇ ಆರಿಸ್ಕಂತೀನಿ."

ಆರಿಸಿಯೂ ಆಗಿತ್ತು. ಟ್ರಂಕಿನಿಂದ ಹಳೆ ರವಿಕೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಬ್ಲ್ಯಾಕ್ ಅಂಡ್ ವೈಟ್ ಫೋಟೊ ತೆಗೆದು ನಮ್ಮ ಮಧ್ಯೆ ಇಟ್ಟಳು. ಕಲ್ಯಾಣದುರ್ಗದ ಸ್ಟುಡಿಯೋದಲ್ಲಿ ತೆಗೆಸಿದ್ದು. ಆಗ ಅವಳಿಗೆ ಹತ್ತೊಂಬತ್ತು, ಕಲ್ಯಾಣದುರ್ಗ ಅವಳ ತವರು. ಗಂಡಿನ ಮನೆಯವರಿಗೆ ಕಳಿಸಲೆಂದು ತೆಗೆಸಿದ ಫೋಟೊ.

ನನ್ನನ್ನು ಕರೆದದ್ದು ಸ್ಪೆಷಲ್ ಅಡ್ವೈಸರ್ ಆಗಿ. (ಮೂರು ತಿಂಗಳ ಆನ್‌ಲೈನ್ ಫೋಟೊಗ್ರಫಿ ಕೋರ್ಸ್ ಮುಗಿಸಿ, ಸರ್ಟಿಫಿಕೇಟನ್ನು ಒಂದು ವಾರ ಸ್ಟೇಟಸ್‌ಗೆ ಹಾಕಿಕೊಂಡಿದ್ದೆ. ನೋಡದೇ ಇದ್ದವರು ಪುಣ್ಯವಂತರು.) ಫೋಟೊ ಕೈಗೆ ತೆಗೆದುಕೊಂಡೆ. ಗಂಟಲು ಸರಿಮಾಡಿಕೊಂಡೆ.

ಹಿಂದೆ ಬಣ್ಣ ಬಳಿದ ಪರದೆ. ಅದರಲ್ಲಿ ಅರಮನೆಯ ಕಂಬ, ಮೆಟ್ಟಿಲು, ಒಂದು ಕೊಳ. ಮುಂದೆ ಬೆತ್ತದ ಕುರ್ಚಿ. ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತ ದೊಡ್ಡಮ್ಮ. ಜಡೆ ಮುಂದಕ್ಕೆ, ಕೈಯಲ್ಲಿ ವಾಚು, ಕಣ್ಣು ಇಷ್ಟಗಲ.

"ಲೈಟಿಂಗ್ ಸರಿಯಿಲ್ಲ" ಎಂದೆ. "ಎರಡು ನೆರಳು ಬಿದ್ದಿವೆ. ಕಂಪೊಸಿಷನ್ ವೀಕ್. ತಲೆಯ ಮೇಲಿಂದಲೇ ಕಂಬ ಎದ್ದು ಬಂದಿದೆ. ಸಬ್ಜೆಕ್ಟ್ ರಿಲ್ಯಾಕ್ಸ್ ಆಗಿಲ್ಲ."

"ಯಾರ್ಲಾ ಅದು ಸಬ್ಜೆಕ್ಟು?"

"ನೀನೇ ದೊಡ್ಡಮ್ಮ."

"ಎಂಗ್ಲಾ ರಿಲ್ಯಾಕ್ಸ್ ಆಗ್ಲಿ? ಆ ಸ್ಟುಡಿಯೋದಯ್ಯ ತೆಲುಗ್ನಾಗೆ 'ಕದಲೊದ್ದಮ್ಮಾ, ಊಪಿರಿ ಬಿಗಪಟ್ಟು' ಅಂದ. ಅಲ್ಲಾಡ್ದಂಗೆ ನಿಂತು ಉಸಿರು ಬಿಗಿಹಿಡ್ಕಂಡೆ. ಆಮ್ಯಾಕೆ ಕ್ಯಾಮೆರಾದಾಗೆ ಏನೋ ಸಿಕ್ಕಾಕ್ಕಂತು ಅಂತ ಒಳಿಕ್ಕೆ ಹೋದ. ಬರ್ಲೇ ಇಲ್ಲ. ಉಸಿರು ಬಿಡಕ್ಕೂ ಭಯ, ಹಿಡಿಯಕ್ಕೂ ಆಗ್ವಲ್ದು!"

ಮೊಮ್ಮಗಳು ಹರ್ಷಿತಾ ಡಿಗ್ರಿ ಓದುತ್ತಿದ್ದಾಳೆ. ಅವಳು ಇಣುಕಿ ನೋಡಿ, "ಅಜ್ಜಿ, ಒಂದು ಫಿಲ್ಟರ್ ಹಾಕಿದ್ರೆ ಸರಿಹೋಯ್ತದೆ" ಎಂದಳು. ಸೊಸೆ ಮಂಜುಳ ಮೆತ್ತಗೆ ದೊಡ್ಡ ಬಾಂಬ್ ಹಾಕಿದಳು. "ಅತ್ತೆ, ಬೇಜಾರ್ ಮಾಡ್ಕಬ್ಯಾಡ್ರಿ. ನಾಳೆ ಮಾವನ ಫೋಟೊ ಪಕ್ಕಕ್ಕೆ ಇದನ್ನ ಹಾಕಿದ್ರೆ, ಬಂದೋರು ಮಾವನ ಮೊಮ್ಮಗಳು ಅಂದ್ಕಂತಾರೆ."

ಮಾವ, ಅಂದರೆ ದೊಡ್ಡಪ್ಪ ಅಶ್ವತ್ಥಪ್ಪನವರು, ಅಲ್ಲೇ ಕೂತಿದ್ದರು. ಅವರು ನೇಕಾರರು. ಈಗ ಮಗನ ಪವರ್‌ಲೂಮ್ ಶೆಡ್ ಇದೆ, ಆದರೆ ಇವರು ಗುಂಡಿಮಗ್ಗದಲ್ಲಿ ಕೂತು ಕಾಲು ಸವೆಸಿದವರು. ಜೇಬಿನಿಂದ ಎಳೆ ಎಣಿಸುವ ಪುಟ್ಟ ಭೂತಗನ್ನಡಿ ತೆಗೆದರು. ಫೋಟೊದ ಮೇಲಿಟ್ಟು ಬಗ್ಗಿದರು.

"ಸೆರಗಿನ ಹತ್ರ ಒಂದು ಹೊಕ್ಕು ತಪ್ಪೈತೆ" ಎಂದರು. ಹೊಕ್ಕು ಅಂದರೆ ಅಡ್ಡ ಎಳೆ.

"ಬಂತು ನೋಡ್ಲಾ!" ದೊಡ್ಡಮ್ಮ ಎದ್ದೇ ನಿಂತಳು. "ಐವತ್ತು ವರ್ಸದಿಂದ ಇದೊಂದೇ ರಾಗ!"

ಇನ್ನು ಮೀಟಿಂಗ್ ಯಾರ ಕೈಯಲ್ಲೂ ಇರಲಿಲ್ಲ. ಫೋಟೊದ ಪೂರ್ತಿ ಜಾತಕ ಹೊರಗೆ ಬಂತು.

ಇದ್ದದ್ದು ಒಂದೇ ಕಾಪಿ. ಆ ಕಾಪಿಯೇ ಬಸ್ಸಿನಲ್ಲಿ ಊರೂರು ಸುತ್ತಿತ್ತು. ಗೋರಂಟ್ಲದವರು ಹುಡುಗಿ ಎತ್ತರ ಜಾಸ್ತಿ ಎಂದು ವಾಪಸ್ ಕಳಿಸಿದರು. (ಸ್ಟುಡಿಯೋದವನು ಕಾಲ ಕೆಳಗೆ ಹಲಗೆ ಹಾಕಿದ್ದ.) ಲೇಪಾಕ್ಷಿಯವರು ವಾಚು ಕಟ್ಟುವ ಹುಡುಗಿ ಮಾತು ಕೇಳುವುದಿಲ್ಲ ಎಂದರು. (ವಾಚು ಸ್ಟುಡಿಯೋದ್ದು. ನಡೆಯುತ್ತಲೂ ಇರಲಿಲ್ಲ.) ಪರಿಗಿಯವರು ಹುಡುಗಿ ಬೇಡ ಎಂದರು, ಆದರೆ ಫೋಟೊ ವಾಪಸ್ ಕೊಡಲಿಲ್ಲ. ನಾಲ್ಕು ತಿಂಗಳು ಕಾದು ದೊಡ್ಡಮ್ಮನ ಅಪ್ಪ ಹೋಗಿ ನೋಡಿದರೆ, ಅವರ ಮನೆ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಟ್ಟಿದ್ದಾರೆ! ಕೊಳ, ಅರಮನೆ ಚೆನ್ನಾಗಿದೆಯಂತೆ. ಆಗ ತಂದು ಕಳಿಸಿದ್ದು ಹಿಂದೂಪುರಕ್ಕೆ, ದೊಡ್ಡಪ್ಪನ ಮನೆಗೆ.

ಹಿಂದೂಪುರದಲ್ಲಿ ಏನಾಯಿತು? ಮದುವೆಗೆ ಬಂದ ಗಂಡು ಹುಡುಗಿಯ ಮುಖ ನೋಡುತ್ತಾನೆ ಅಂತ ನೀವು ಅಂದುಕೊಂಡಿದ್ದರೆ, ನಿಮಗೆ ನೇಕಾರರ ಪರಿಚಯವಿಲ್ಲ. ದೊಡ್ಡಪ್ಪ ಸೀರೆ ನೋಡಿದರು. ಸೆರಗಿನ ಹತ್ತಿರ ಅಡ್ಡಗೆರೆ ಕಂಡಿತು. ಇಷ್ಟು ದೊಡ್ಡ ತಪ್ಪು ಯಾವ ಮಗ್ಗದವನು ಮಾಡಿದ ಎಂದು ಅವರಿಗೆ ಎರಡು ದಿನ ಊಟ ಸೇರಲಿಲ್ಲವಂತೆ. ಸೀರೆ ನೋಡಲೇಬೇಕೆಂದು ಹೆಣ್ಣು ನೋಡುವ ಶಾಸ್ತ್ರಕ್ಕೆ ಕಲ್ಯಾಣದುರ್ಗಕ್ಕೆ ಹೊರಟರು.

ಮುಂದಿನದನ್ನು ದೊಡ್ಡಮ್ಮನ ಬಾಯಲ್ಲೇ ಕೇಳಬೇಕು. "ನಾನು ಕಾಫಿ ಹಿಡ್ಕಂಡು ಬಂದ್ನಾ, ಇವ್ರು ತಲೆ ಎತ್ತಿ 'ಫೋಟೊದಾಗೆ ಉಟ್ಟಿದ್ದ ಸೀರೆ ಎಲ್ಲಿ?' ಅಂತ ಕೇಳ್ಬುಟ್ರು. ಅದು ನಂದಲ್ಲ, ಎದ್ರು ಮನೆ ಪದ್ದಕ್ಕಂದು! ಇನ್ನೂ ತಮಾಸೆ ಅಂದ್ರೆ, ಪದ್ದಕ್ಕ ಅವತ್ತು ಅದನ್ನೇ ಉಟ್ಕಂಡು ಗಂಡು ನೋಡಕ್ಕೆ ಬಂದವ್ಳೆ! ಹಿಂದ್ಲ ಬಾಗ್ಲಿಂದ ಎಳ್ಕಂಡು ಹೋಗಿ, ಸೀರೆ ಬಿಚ್ಚಿಸಿ, ಮಡಿಸಿ ತಂದುಕೊಟ್ರು."

ದೊಡ್ಡಪ್ಪ ಸೀರೆಯನ್ನು ಚಾಪೆಯ ಮೇಲೆ ಹರಡಿದರು. ಈ ಅಂಚಿನಿಂದ ಆ ಅಂಚಿಗೆ ಭೂತಗನ್ನಡಿ ಹಿಡಿದು ಹೊರಟರು. ಅರ್ಧ ಗಂಟೆ. ಕಾಫಿ ಆರಿತು. ಹೆಣ್ಣು ನಿಂತೇ ಇದ್ದಳು. ಪದ್ದಕ್ಕ ಒಳಗೆ ಯಾರದೋ ಲಂಗ ಸುತ್ತಿಕೊಂಡು ಕೂತಿದ್ದಳು. ಸೀರೆಯಲ್ಲಿ ಒಂದೇ ಒಂದು ಐಬು ಸಿಗಲಿಲ್ಲ.

"ಅಷ್ಟೆಲ್ಲಾ ರಾದ್ಧಾಂತ ಮಾಡಿ ಒಲ್ಲೆ ಅನ್ನಕ್ಕೆ ಮುಖ ಇತ್ತಾ ಇವ್ರಿಗೆ? ನಾಚ್ಕೆಗೆ ಒಪ್ಕಂಡ್ರು" ಎಂದು ದೊಡ್ಡಮ್ಮ ಮುಗಿಸಿದಳು.

"ಅವ್ರು ಸೀರೆ ಬದ್ಲಾಯಿಸ್ಬುಟ್ರು ಕಣಪ್ಪ. ಆ ಸೀರೆ ಬ್ಯಾರೆ, ಈ ಸೀರೆ ಬ್ಯಾರೆ" ಎಂದರು ದೊಡ್ಡಪ್ಪ, ನನ್ನ ಕಡೆ ತಿರುಗಿ, ತೀರಾ ಗಂಭೀರವಾಗಿ. ನಾವು ನಕ್ಕೂ ನಕ್ಕೂ ಒರಗಿದೆವು. ಹರ್ಷಿತಾಗೆ ಒಬ್ಬಟ್ಟು ನೆತ್ತಿಗೇರಿತು.

ದೊಡ್ಡಮ್ಮ ಮಾತ್ರ ನಗಲಿಲ್ಲ. ಫೋಟೊವನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದಳು.

"ನೋಡಿದೋರೆಲ್ಲ ಏನೋ ಒಂದು ಐಬು ಹೇಳ್ತಾನೇ ಬಂದ್ರು. ಎತ್ರ ಅಂದ್ರು, ವಾಚು ಅಂದ್ರು, ಸೀರೆ ಅಂದ್ರು. ಇವತ್ತು ನೀವು ನೆರಳು ಅಂತೀರ, ವಯಸ್ಸು ಅಂತೀರ. ನಂಗೆ ಇದು ಇಷ್ಟ ಕಣ್ರೋ. ಅಷ್ಟು ಸಾಲ್ದಾ?"

ಅವಳ ಕಣ್ಣು ತುಂಬಿತ್ತು. ನನಗೆ ನಾಚಿಕೆಯಾಯಿತು. ಸರ್ಟಿಫಿಕೇಟ್ ಇರುವ ವಿಮರ್ಶಕ ನಾನೊಬ್ಬನೇ ಆಗಿದ್ದರಿಂದ ಸ್ವಲ್ಪ ಜಾಸ್ತಿಯೇ ಆಯಿತು. ಫೋಟೊ ಇಸಿದುಕೊಂಡು, ಎಲ್ಲಿ ತೆಗೆಸಿದ್ದೋ ಅಲ್ಲೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿಕೊಂಡು ಬರುತ್ತೇನೆ ಎಂದೆ.

ಬುಧವಾರ ರಜೆ ಹಾಕಿದೆ. ಬಸ್ಸು ಬದಲಾಯಿಸಿ ಕಲ್ಯಾಣದುರ್ಗ ತಲುಪಿ, ಫೋಟೊ ಹಿಂದಿನ ಸೀಲು ತೋರಿಸಿ ಕೇಳಿಕೊಂಡು ಹೋದೆ. ಸ್ಟುಡಿಯೋ ಇನ್ನೂ ಇತ್ತು! ಹಳೆ ಫೋಟೊಗ್ರಾಫರ್ ತೀರಿಕೊಂಡಿದ್ದಾರೆ, ಮಗಳು ನಡೆಸುತ್ತಿದ್ದಾರೆ. ಐವತ್ತರ ಆಸುಪಾಸಿನ ಚುರುಕು ಹೆಂಗಸು. ಫೋಟೊ ನೋಡಿದ್ದೇ ತಡ, "ಅಯ್ಯೋ, ಮಾ ನಾನ್ನ ಪರದೆ!" ಎಂದು ಕೂಗಿದರು. ನಾನ್ನ ಅಂದರೆ ತೆಲುಗಿನಲ್ಲಿ ಅಪ್ಪ. ನಾನು ಕೂತಿದ್ದ ಬೆತ್ತದ ಕುರ್ಚಿ ತೋರಿಸಿ, "ಕುರ್ಚಿ ಇದೇ ಸಾರ್" ಎಂದರು. ನಾನು ಧಡಕ್ಕನೆ ಎದ್ದೆ.

ಸುಮ್ಮನಿರಬೇಕಲ್ಲ ನಾನು? ಎರಡು ನೆರಳಿನ ಬಗ್ಗೆ ನನ್ನ ಜ್ಞಾನ ಹೊರತೆಗೆದೆ.

"ಆವಾಗ ಕರೆಂಟು ಹೋಯ್ತಾನೇ ಇತ್ತಂತೆ ಸಾರ್" ಎಂದರು ಆಕೆ. "ಈ ಕಡೆ ಕಿಟಕಿ ಬೆಳಕು, ಆ ಕಡೆ ಪೆಟ್ರೋಮ್ಯಾಕ್ಸ್. ಒಂದು ನೆರಳಿಗಾದ್ರೂ ಬೆಳಕು ಸಾಲಬೇಕಲ್ಲ, ನಮ್ಮ ನಾನ್ನ ಎರಡು ಕೊಟ್ಟವ್ರೆ."

ನನ್ನ ಮೂರು ತಿಂಗಳ ಕೋರ್ಸ್ ಅಲ್ಲಿಗೆ ಮುಗಿಯಿತು.

ಫೋಟೊ ಸ್ಕ್ಯಾನ್ ಆಗಿ ದೊಡ್ಡ ಸ್ಕ್ರೀನಿನಲ್ಲಿ ತೆರೆದುಕೊಂಡಿತು. ಮೊದಲ ಸಲ ನಾನು ದೊಡ್ಡಮ್ಮನ ಮುಖ ನೋಡಿದೆ. ಭಯದಿಂದ ಅಗಲವಾದ ಕಣ್ಣು ಸರಿ, ಆದರೆ ತುಟಿಯ ತುದಿಯಲ್ಲಿ ನಗು ತಡೆದುಕೊಂಡಿದ್ದಾಳೆ. ಇನ್ನೊಂದು ಕ್ಷಣ ಬಿಟ್ಟಿದ್ದರೆ ಸಿಡಿಯುತ್ತಿತ್ತು. ಎಷ್ಟು ಚೆಂದ ಇದ್ದಳು ನಮ್ಮ ದೊಡ್ಡಮ್ಮ! ಇಷ್ಟು ಜನ ಇಷ್ಟು ವರ್ಷ ಅದೇನು ನೋಡಿದರೋ.

ಆಕೆ ಸೆರಗಿನ ಹತ್ತಿರ ಜೂಮ್ ಮಾಡಿದರು. ಗೆರೆ ಕಂಡಿತು. ಸೀರೆ ದಾಟಿತು. ಕುರ್ಚಿ ದಾಟಿತು. ಪರದೆಯ ಕೊಳ ದಾಟಿ ಅಂಚಿಗೆ ಹೋಗಿ ನಿಂತಿತು. "ಯಾವ್ದೋ ಚೌಕಟ್ಟಿಗೆ ಸಿಕ್ಕಿಸಿ ಎಳೆದವ್ರೆ ಸಾರ್. ತರಚಿದ ಗೆರೆ" ಎಂದರು.

ಪರಿಗಿಯವರ ಕನ್ನಡಿ! ಸ್ಟುಡಿಯೋದಲ್ಲೇ ಕುಣಿದುಬಿಟ್ಟೆ. ತಕ್ಷಣ ಹಿಂದೂಪುರಕ್ಕೆ ವಿಡಿಯೋ ಕಾಲ್. ಸ್ಕ್ರೀನ್ ತೋರಿಸಿದೆ. ದೊಡ್ಡಮ್ಮನ ಕೇಕೆಗೆ ಫೋನಿನ ಸ್ಪೀಕರ್ ಒಡೆದ ಸದ್ದು ಬಂತು. ದೊಡ್ಡಪ್ಪ ತುಂಬಾ ಹೊತ್ತು ನೋಡಿದರು.

"ಕುರ್ಚಿಗೂ ಅದೇ ಐಬು ಇರ್ಬೌದು" ಎಂದರು.

"ಗೆರೆ ತೆಗೆದ್ಬಿಡ್ಲಾ ಸಾರ್? ಒಂದು ನಿಮಿಷದ ಕೆಲಸ" ಎಂದು ಆಕೆ ಕೇಳಿದರು. ಫೋನಿನೊಳಗಿಂದ ದೊಡ್ಡಮ್ಮ ಅಬ್ಬರಿಸಿದಳು. "ತೆಗೆದೀಯ, ಜ್ವಾಕೆ! ಆ ಗೆರೆ ಇಲ್ದಿದ್ರೆ ಇವ್ರು ಕಲ್ಯಾಣದುರ್ಗಕ್ಕೆ ಬತ್ತಿದ್ರಾ? ಇರ್ಲಿ ಬುಡು ಅದು."

ದೊಡ್ಡಪ್ಪ ಕೆಮ್ಮಿದರು. ಎಪ್ಪತ್ತನಾಲ್ಕರ ಮನುಷ್ಯ ನಾಚಿಕೊಂಡದ್ದು ವಿಡಿಯೋ ಕಾಲಿನಲ್ಲೂ ಗೊತ್ತಾಗುತ್ತಿತ್ತು.

ಫೋಟೊ ಈಗ ಹಾಲ್‌ನ ಗೋಡೆಯಲ್ಲಿದೆ. ಸತ್ತ ಮೇಲೆ ಅಂದಿದ್ದೆಯಲ್ಲ ಎಂದು ನಾನು ದೊಡ್ಡಮ್ಮನಿಗೆ ನೆನಪಿಸಿದ್ದಕ್ಕೆ, "ಆಮ್ಯಾಕೆ ನಾನು ನೋಡಕ್ಕಾಯ್ತದಾ?" ಎಂದಳು. ಬಂದವರೆಲ್ಲ ಯಾರೀ ಹುಡುಗಿ ಎಂದು ಕೇಳುತ್ತಾರೆ. ದೊಡ್ಡಮ್ಮ ಒಂದು ರೌಂಡ್ ಸತಾಯಿಸಿಯೇ ಹೇಳುವುದು.

ನನ್ನ ತಲೆಯಲ್ಲಿ ಬೇರೆಯದೇ ಹುಳ ಕೊರೆಯುತ್ತಿತ್ತು. ನಾಲ್ಕು ಊರು ಈ ಫೋಟೊ ನೋಡಿದವು. ನಾಲ್ಕೂ ಊರಿನ ಗಂಡುಗಳ ಫೋಟೊ ಕಲ್ಯಾಣದುರ್ಗಕ್ಕೆ ಬಂದಿತ್ತೇ? ಒಂದೂ ಬರಲಿಲ್ಲ. ಯಾರೂ ಕೇಳಲೂ ಇಲ್ಲ. ಈಗೇನು ಬದಲಾಗಿದೆ ಹೇಳಿ? ಈಗ ಫೋಟೊ ವಾಟ್ಸ್ಯಾಪಿನಲ್ಲಿ ಹೋಗುತ್ತದೆ, ಬಸ್ ಚಾರ್ಜು ಉಳಿಯುತ್ತದೆ. ಹುಡುಗಿಯದನ್ನು ಜೂಮ್ ಮಾಡಿ ನೋಡುತ್ತಾರೆ. ಹುಡುಗ ಬೈಕಿನ ಪಕ್ಕ, ಕೂಲಿಂಗ್ ಗ್ಲಾಸಿನಲ್ಲಿ, ಅರ್ಧ ಮೈಲಿ ದೂರ ನಿಂತಿರುತ್ತಾನೆ. ನಾವು ಬೈಕು ಚೆನ್ನಾಗಿದೆ ಎನ್ನುತ್ತೇವೆ.

ಇದನ್ನೇ ದೊಡ್ಡಮ್ಮನ ಮನೆಯಲ್ಲಿ ಬಾಯಿಬಿಟ್ಟು ಹೇಳಿದೆ. ಹರ್ಷಿತಾ ಚಪ್ಪಾಳೆ ತಟ್ಟಿದಳು. "ತಾತ, ನೀನು ಅಜ್ಜಿಗೆ ಫೋಟೊ ಕೊಟ್ಟೇ ಇಲ್ವಾ? ಚೀಟಿಂಗ್!" ಎಂದಳು. ದೊಡ್ಡಪ್ಪ ಎದ್ದು ಹೊರಗೆ ಹೋದರು. ಬೇಜಾರಾಯಿತೇನೋ ಅಂದುಕೊಂಡೆವು.

ಮೊನ್ನೆ ಶನಿವಾರ ನನಗೆ ಮತ್ತೆ ಬುಲಾವ್. ಹೋದರೆ ದೊಡ್ಡಪ್ಪ ಬಾಗಿಲಲ್ಲೇ ನಿಂತಿದ್ದಾರೆ, ತಲೆಗೆ ಬಣ್ಣ, ಮೀಸೆಗೆ ಬಣ್ಣ. ಕೈಯಲ್ಲೊಂದು ಕವರ್. ಮಗನ ಕೋಟು ಹಾಕಿಕೊಂಡು, ಬಸ್‌ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೋಗೆ ಒಬ್ಬರೇ ಹೋಗಿ, ಕಲರ್ ಬೇಡ ಎಂದು ಹಟ ಹಿಡಿದು ತೆಗೆಸಿದ ಬ್ಲ್ಯಾಕ್ ಅಂಡ್ ವೈಟ್ ಫೋಟೊ. ಕೋಟಿನ ತೋಳು ಬೆರಳಿನವರೆಗೆ ಬಂದಿದೆ. ಉಸಿರು ಬಿಗಿಹಿಡಿದಿರುವುದು ಸ್ಪಷ್ಟವಾಗಿ ಕಾಣುತ್ತಿದೆ.

"ನೀನೇ ಕೊಡಪ್ಪ ಅವಳ ಕೈಗೆ. ನಂಗೆ ಆಗಾಕಿಲ್ಲ" ಎಂದರು.

ಕೊಟ್ಟೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದಳು. ಹತ್ತಿರ ತಂದಳು, ದೂರ ಹಿಡಿದಳು, ಹಿಂದೆ ತಿರುಗಿಸಿ ನೋಡಿದಳು. ಮಂಜುಳ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. ದೊಡ್ಡಪ್ಪ ಬಾಗಿಲ ಹತ್ತಿರ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ ನಿಂತಿದ್ದರು. ಅವರ ಹಣೆಯಲ್ಲಿ ಬೆವರು.

"ಹೆಂಗೈತೆ?" ಎಂದು ಕೊನೆಗೂ ಕೇಳಿದರು. ದನಿ ಸಣ್ಣಗಾಗಿತ್ತು.

ದೊಡ್ಡಮ್ಮ ಅವರ ಕಡೆ ತಿರುಗಲೂ ಇಲ್ಲ. ಫೋಟೊವನ್ನು ನಿಧಾನಕ್ಕೆ ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟಳು.

"ಹುಡ್ಗ ಪರವಾಗಿಲ್ಲ. ಮನೇಲಿ ಎಲ್ಲಾರ್ನೂ ಕೇಳಿ ತಿಳಿಸ್ತೀವಿ ಅಂತ ಹೇಳ್ಲಾ."